ಸಿಲ್ವರ್ ಮರದ ಮೇಲಿನ ಸ್ಕೋರು

ಇದನ್ನು ಬರೆಯಲು ನಾನು ಕೂತದ್ದು ಇದು ಮೊದಲ ಸಲವಲ್ಲ. ಹೆಂಡತಿ ಇದ್ದಾಗಲೇ ಎರಡು ಸಲ ನೋಟ್‌ಬುಕ್ ತೆಗೆದಿದ್ದೆ. ಒಮ್ಮೆ ಕರೆಂಟು ಹೋಯಿತೆಂದು ಎದ್ದೆ, ಇನ್ನೊಮ್ಮೆ ಗಿರಾಕಿ ಬಂದರೆಂದು ಎದ್ದೆ. ನಿಜ ಹೇಳಬೇಕೆಂದರೆ ಕರೆಂಟು ಹೋಗಲಿ, ಗಿರಾಕಿ ಬರಲಿ ಎಂದು ಕಾಯುತ್ತಲೇ ಕೂತಿದ್ದೆ. ಈಗ ಅಂಗಡಿಗೆ ಯಾರೂ ಬರುವುದಿಲ್ಲ. ಯಾರ ವಿಷಯ ಬರೆಯಬೇಕೋ ಅವರೂ ಕಳೆದ ತಿಂಗಳು ತೀರಿಕೊಂಡರು. ನೆಪಗಳೆಲ್ಲ ಮುಗಿದವು.

ಅವರ ಹೆಸರನ್ನು ಈಗಲೇ ಹೇಳುವುದಿಲ್ಲ. ಅವರು ಕಾಫಿ ತೋಟದಲ್ಲಿ ಮರಗಸಿ ಮಾಡುತ್ತಿದ್ದವರು. ಮಳೆಗೆ ಮುಂಚೆ ನೆರಳಿನ ಮರಗಳನ್ನು ಹತ್ತಿ, ಗಿಡಕ್ಕೆ ಬೆಳಕು ಬೀಳುವ ಹಾಗೆ ಕೊಂಬೆ ಕಡಿದು ಇಳಿಸುವ ಕೆಲಸ ಅದು. ಮರಗಸಿಯವರಲ್ಲಿ ಒಂದು ನಿಯಮ ಇದೆ. ಮರದ ಮೇಲಿದ್ದವನನ್ನು ಹೆಸರು ಹಿಡಿದು ಕರೆಯಬಾರದು. ತನ್ನ ಹೆಸರು ಕೇಳಿದರೆ ಮನುಷ್ಯ ತಿರುಗದೆ ಇರಲಾರ, ತಿರುಗಿದರೆ ಕಾಲು ಜಾರುತ್ತದೆ. ಅದಕ್ಕೆ ಕೆಳಗಿದ್ದವರು ಏನು ಹೇಳಬೇಕಾದರೂ ಕೂ ಹಾಕುತ್ತಾರೆ. ನಮ್ಮೂರಲ್ಲಿ ಅವರ ಹೆಸರನ್ನು ಕೂಗಿದವರು ಕಡಿಮೆ, ಕೂ ಹಾಕಿದವರೇ ಜಾಸ್ತಿ.

ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ಬದುಕಿದ್ದಾಗ ನಾನು ಅವರನ್ನು 'ನೀನು' ಎಂದೇ ಮಾತಾಡಿಸಿದ್ದು. ತೋಟದ ಆಳು, ನಾನು ಅಂಗಡಿಯವ, ಅಷ್ಟೇ ಕಾರಣ. ಈಗ ಪೆನ್ನು ಹಿಡಿದರೆ ತಾನಾಗಿ 'ಅವರು' ಎಂದು ಬರುತ್ತಿದೆ. ಬರಲಿ ಎಂದು ಬಿಟ್ಟಿದ್ದೇನೆ.

ಅವರ ಕಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ಬೇರೆಯಾಗಿ, ಕೈಯ ಹೆಬ್ಬೆರಳಿನ ಹಾಗೆ ಹೊರಗೆ ತಿರುಗಿತ್ತು. ಮರ ಹತ್ತಿ ಹತ್ತಿ ಹಾಗಾಗಿದ್ದು. ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ. "ಕುರ್ಚಿಗೆ ನಾಲ್ಕು ಕಾಲು, ನಂಗೆ ಎರಡೇ ಸಾಕು" ಎಂದು ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂರುವರು. ಸೊಂಟದ ಹಿಂದೆ ಕತ್ತಿ, ಬಾಯಲ್ಲಿ ಎಲೆ ಅಡಿಕೆ. ಅವರ ಹೆಂಡತಿ ಮದುವೆಯಾದ ಮೂರನೇ ವರ್ಷ ತೀರಿಹೋಗಿದ್ದಳು. ಆಳುಗಳಿಗೆಂದು ಸಾಲಾಗಿ ಕಟ್ಟಿದ ತೋಟದ ಲೈನ್ ಮನೆಯ ಕೊನೇ ಕೋಣೆಯಲ್ಲಿ ಒಬ್ಬರೇ ಇದ್ದರು. ಒಬ್ಬರೇ ಇರುವವರು ಜಾಸ್ತಿ ಮಾತಾಡುತ್ತಾರೆ ಎನ್ನುತ್ತಾರೆ. ಅವರು ಜಾಸ್ತಿ ಕೇಳಿಸಿಕೊಳ್ಳುತ್ತಿದ್ದರು. ಕಣಿವೆಯ ಆಚೆ ಜೀಪು ಗೇರ್ ಬದಲಾಯಿಸಿದರೆ ಅದು ಯಾರ ಜೀಪು ಎಂದು ಹೇಳುವಷ್ಟು ಚುರುಕು ಕಿವಿ. ಆ ಕಿವಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಮೂಡಿಗೆರೆಯಲ್ಲಿ ಒಬ್ಬರ ಹತ್ತಿರ ರೇಡಿಯೋ ರಿಪೇರಿ ಕಲಿತು, ಕಳಸದ ದಾರಿಯಲ್ಲಿರುವ ನಮ್ಮೂರ ಬಸ್‌ಸ್ಟಾಪಿನಲ್ಲಿ ಅಂಗಡಿ ಹಾಕಿದವ. ತೊಂಬತ್ತರ ದಶಕದ ಮೊದಲಲ್ಲಿ ನಮ್ಮೂರಿಗೆ ಟಿ.ವಿ. ಬಂತು, ಚಿತ್ರ ಬರಲಿಲ್ಲ. ಸುತ್ತ ಗುಡ್ಡ. ಎಷ್ಟು ಎತ್ತರದ ಪೈಪು ನಿಲ್ಲಿಸಿದರೂ ಪರದೆಯಲ್ಲಿ ಬರೀ ಇರುವೆ ಹರಿದ ಹಾಗೆ ಕಾಣುವುದು. ಒಂದು ದಿನ ಇವರು ಬಾಗಿಲಲ್ಲಿ ಕೂತು ನನ್ನ ಒದ್ದಾಟ ನೋಡಿ, "ರೇಡಿಯೋದವ್ರೆ, ನಿಮ್ಮ ಅಂಗಡಿ ಹಿಂದಿನ ದಿಣ್ಣೆ ಮೇಲೆ ನಮ್ಮ ತೋಟದ ಸಿಲ್ವರ್ ಮರ ಒಂದಿದೆ. ಅದರ ತುದಿಗೆ ಹೋದ್ರೆ ಮೂರು ಕಡೆ ಗುಡ್ಡ ಕೆಳಗೆ ಕಾಣ್ತದೆ. ಗಾಳೀನೂ ಬೇರೆ. ನಿಮ್ಮ ಕಡ್ಡಿ ಅಲ್ಲಿ ಕಟ್ಟಿದ್ರೆ ಹೆಂಗೆ?" ಎಂದರು.

ಸಿಲ್ವರ್ ಎಂದರೆ ನೆರಳಿಗೆಂದು ತೋಟದಲ್ಲಿ ನೆಡುವ, ನೆಟ್ಟಗೆ ಎತ್ತರಕ್ಕೆ ಹೋಗುವ ಮರ. ಕಡ್ಡಿ ಎಂದರೆ ಆಂಟೆನಾ. ಅವರೇ ಹತ್ತಿ ಕಟ್ಟಿದರು. ನಾನು ವೈರು ಎಳೆದು ಅಂಗಡಿಗೆ ತಂದೆ. ಕ್ರಿಕೆಟ್ ಇದ್ದ ದಿನ ಊರು ಅರ್ಧ ನನ್ನ ಅಂಗಡಿಯಲ್ಲಿ. ಗಾಳಿ ಬೀಸಿದರೆ ಆಂಟೆನಾ ತಿರುಗಿ ಚಿತ್ರ ಮಾಯ. ಆಗ ಇವರು ಮರದ ಮೇಲೆ, ನಾನು ಅಂಗಡಿಯ ಹಿಂದಿನ ಅಂಗಳದಲ್ಲಿ. ಚಿತ್ರ ಹೋದರೆ ನಾನು ಸಣ್ಣದಾಗಿ ಒಂದು ಕೂ ಹಾಕಬೇಕು, ಅವರು ತಿರುಗಿಸಬೇಕು. ಬಂತೆಂದರೆ ಉದ್ದಕ್ಕೆ ಒಂದು ಕೂ, ಅವರು ಹಾಗೆಯೇ ಹಿಡಿದುಕೊಂಡು ನಿಲ್ಲಬೇಕು. ಒಮ್ಮೊಮ್ಮೆ ಆಟದ ಗದ್ದಲದಲ್ಲಿ ಅವರು ಮೇಲಿರುವುದನ್ನೇ ಎಲ್ಲರೂ ಮರೆತುಬಿಡುತ್ತಿದ್ದೆವು. ಚಹಾಕ್ಕೆ ಆಟ ನಿಂತಾಗ ನೆನಪಾಗಿ ನಾನು ಓಡಿ ಬಂದರೆ ಆಂಟೆನಾ ಹಿಡಿದುಕೊಂಡು ಅಲ್ಲಿಯೇ ಇರುತ್ತಿದ್ದರು.

"ಇಳಿಯೋದಲ್ವಾ ಮಾರಾಯ" ಎಂದರೆ, "ನೀವು ಹೇಳ್ಲಿಲ್ಲ. ಮರದ ಮೇಲಿದ್ದವ ಕೆಳಗಿದ್ದವನನ್ನ ನಂಬ್ಲೇಬೇಕು ರೇಡಿಯೋದವ್ರೆ, ಬೇರೆ ದಾರಿ ಇಲ್ಲ" ಎನ್ನುತ್ತಿದ್ದರು. ಇದು ಅವರು ಯಾವಾಗಲೂ ಹೇಳುತ್ತಿದ್ದ ಮಾತು. ಹೊಸಬರಿಗೆ ಮರಗಸಿ ಕಲಿಸುವಾಗಲೂ ಮೊದಲ ಪಾಠ ಇದೇ ಆಗಿತ್ತಂತೆ.

ಊರಿಗೆಲ್ಲ ಕ್ರಿಕೆಟ್ ತೋರಿಸಿದ ಮನುಷ್ಯ ಕ್ರಿಕೆಟ್ ನೋಡಿರಲಿಲ್ಲ. ಕೆಳಗಿನಿಂದ ಬರುವ ಬೊಬ್ಬೆಯಿಂದಲೇ ಆಟ ಕಟ್ಟಿಕೊಳ್ಳುತ್ತಿದ್ದರು. ಯಾವ ಆಟಗಾರ ಹೊಡೆದರೆ ಬೊಬ್ಬೆ ಎಷ್ಟು ಉದ್ದ ಎಂಬುದು ಅವರಿಗೆ ಗೊತ್ತಿತ್ತು. ಒಂದು ದಿನ ಗಾಳಿಯಿಲ್ಲ, ಚಿತ್ರ ಗಟ್ಟಿಯಾಗಿ ನಿಂತಿದೆ. ಬಲವಂತ ಮಾಡಿ ಕರೆದು ಎದುರು ಕೂರಿಸಿದೆ. ಹತ್ತು ನಿಮಿಷ ನೋಡಿ, "ಇಷ್ಟು ಸಣ್ಣದಾ?" ಎಂದರು. "ಮೇಲಿಂದ ಕೇಳುವಾಗ ದೊಡ್ಡದಿತ್ತು." ಎಲ್ಲರೂ ನಕ್ಕರು. ಅವರೂ ನಕ್ಕು, ಎದ್ದು ಮರಕ್ಕೆ ಹೋದರು.

ಮರದ ಮೇಲಿನಿಂದ ಸ್ಕೋರು ಕೂಗುವುದು ಯಾವತ್ತು ಶುರುವಾಯಿತೋ ನೆನಪಿಲ್ಲ. ಚಿತ್ರಕ್ಕೆಂದು ನಾವು ಹಾಕುತ್ತಿದ್ದ ಕೂ ನಿಧಾನಕ್ಕೆ ಆಟಕ್ಕೆ ತಿರುಗಿತು. ನಾಲ್ಕೋ ಆರೋ ಹೋದರೆ ಒಂದು ಉದ್ದ ಕೂ. ನಮ್ಮವರು ಔಟಾದರೆ ಒಂದು ಸಣ್ಣ ಕೂ. ಗೆದ್ದರೆ ಉದ್ದದ್ದು ಮೂರು, ಸೋತರೆ ಸಣ್ಣದ್ದು ಮೂರು. ನಾನು ಅಂಗಳದಿಂದ ಹಾಕಿದ್ದನ್ನು ಅವರು ಮರದಿಂದ ಕಣಿವೆಗೆ ಹಾಕುವರು. ಅವರ ಕೂ ಮೂರು ತೋಟಕ್ಕೆ ಕೇಳುತ್ತಿತ್ತು. ಕಾಫಿ ಹಣ್ಣು ಕೊಯ್ಯುವ ಹೆಂಗಸರು ಬುಟ್ಟಿ ಹಿಡಿದಲ್ಲಿಯೇ ನಿಂತು ಕಿವಿ ಕೊಡುತ್ತಿದ್ದರು. ಆಚೆ ತೋಟದ ಮೇಸ್ತ್ರಿ ತಿರುಗಿ ಕೂ ಹಾಕಿ, ಕೇಳಿತು ಎಂದು ತಿಳಿಸುತ್ತಿದ್ದ. ಇವರ ತೋಟದ ಯಜಮಾನರು ದೊಡ್ಡ ಗೌಡರಿಗೂ ಆಟದ ಹುಚ್ಚು. ಆಟವಿದ್ದ ದಿನ ಇವರಿಗೆ ಆ ದಿಣ್ಣೆಯ ಸುತ್ತಲೇ ಕೆಲಸ ಹಾಕಿಸುತ್ತಿದ್ದರು. "ಅವ ಮರದ ಮೇಲಿದ್ರೆ ಹೆಂಗಸ್ರು ಹತ್ತು ಬುಟ್ಟಿ ಜಾಸ್ತಿ ಕೊಯ್ತಾರೆ" ಎಂದು ನನ್ನ ಹತ್ತಿರವೇ ಹೇಳಿದ್ದರು.

ನಾನು ಡಿಶ್ ಹಾಕಿ ಊರ ಮನೆಗಳಿಗೆ ಕೇಬಲ್ ಎಳೆದ ಮೇಲೆ ಮರದ ಆಂಟೆನಾ ತುಕ್ಕು ಹಿಡಿಯಿತು. ಅವರು ಮಾತ್ರ ಹತ್ತುವುದು ಬಿಡಲಿಲ್ಲ. "ಕಡ್ಡಿ ತಿರುಗಿಸೋ ಕೆಲಸ ಹೋಯ್ತು, ಕೂಗೋ ಕೆಲಸ ಇದೆಯಲ್ಲ" ಎಂದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆಟ ದೂರದರ್ಶನದಿಂದ ಒಂದೊಂದಾಗಿ ಜಾರಿ ದುಡ್ಡಿನ ಚಾನಲ್‌ಗಳಿಗೆ ಹೋಯಿತು. ಆ ಚಾನಲ್ ಹಿಡಿಯಲು ಡಬ್ಬಿ ಬೇಕು, ಡಬ್ಬಿಗೆ ಕಾರ್ಡು ಬೇಕು, ಕಾರ್ಡಿಗೆ ತಿಂಗಳು ತಿಂಗಳು ಹಣ ಕಟ್ಟಬೇಕು. ಒಂದು ಸರಣಿ ಒಂದು ಚಾನಲಿನಲ್ಲಿ, ಇನ್ನೊಂದು ಇನ್ನೊಂದರಲ್ಲಿ. ಮೊದಲ ಸಲ ಪರದೆ ನೀಲಿಯಾದ ದಿನ ಅಂಗಡಿ ತುಂಬ ಜನ. ನಮ್ಮವರು ಬ್ಯಾಟು ಹಿಡಿದು ಇಳಿಯುವ ಹೊತ್ತು. ನೀಲಿ ಪರದೆಯ ನಡುವೆ ಇಂಗ್ಲಿಷಿನಲ್ಲಿ ಎರಡು ಸಾಲು.

"ಎಂತ ಬರ್ದಿದೆ ಓದಿ" ಎಂದರು ಹಿಂದಿದ್ದವರು. ಪೋಸ್ಟ್‌ಮ್ಯಾನ್ ಕನ್ನಡಕ ಏರಿಸಿ ಓದಿದರು. "ನಿಮ್ಮ ಕೇಬಲ್‌ನವರನ್ನು ಸಂಪರ್ಕಿಸಿ ಅಂತ ಇದೆ."

ಎಲ್ಲರೂ ನನ್ನ ಕಡೆ ತಿರುಗಿದರು. "ಸಂಪರ್ಕಿಸಿದ್ವಿ. ಹೇಳು."

ಕಂಪನಿಯವರು ನಿಲ್ಲಿಸಿದ್ದಾರೆ, ದರ ಏರಿದೆ, ನನ್ನ ಕೈಯಲ್ಲಿಲ್ಲ ಎಂದೆಲ್ಲ ಹೇಳಿದೆ. ಯಾರೂ ಕೇಳಲಿಲ್ಲ. "ಗಾಳೀಲಿ ಬರ್ತಿದ್ದದ್ದಕ್ಕೆ ಬೀಗ ಹಾಕಿದ್ಯಲ್ಲ ಮಾರಾಯ." "ನಾಳೆ ಮಳೆಗೂ ಡಬ್ಬಿ ಇಡ್ತಾನೆ ನೋಡಿ." "ಇಷ್ಟು ವರ್ಷ ನೋಡಿಸಿ ರುಚಿ ಹತ್ಸಿದ್ದೇ ಇದಕ್ಕೆ." ಗುಂಪು ಗೊಣಗುತ್ತಾ ಚದುರಿತು. ಬಾಗಿಲಲ್ಲಿ ಕೂತಿದ್ದ ಇವರೊಬ್ಬರೇ ಉಳಿದದ್ದು. ನೀಲಿ ಪರದೆಯನ್ನೇ ನೋಡುತ್ತಾ ಕೇಳಿದರು, "ಆಟ ಈಗ್ಲೂ ಅಲ್ಲಿ ನಡೀತಾ ಇದೆಯಲ್ವಾ?"

"ಹ್ಞೂಂ."

"ಹಂಗಾದ್ರೆ ಸರಿ" ಎಂದು ಎದ್ದು ಹೋದರು. ಅದರಲ್ಲಿ ಸರಿಯಾದದ್ದು ಏನಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ನಾನು ಅಲ್ಲಿ ಇಲ್ಲಿ ಹೊಂದಿಸಿ ಕಾರ್ಡು ಮತ್ತೆ ಚಾಲೂ ಮಾಡಿಸಿದೆ. ಪೇಟೆಯ ಕಡೆಯಿಂದ ಬಂದ ಚಾನಲ್ ಏಜೆಂಟು ಖಡಾಖಂಡಿತವಾಗಿ ಹೇಳಿದ: ಇನ್ನೂ ಒಂದಷ್ಟು ಮನೆಯವರು ಆಟದ ಚಾನಲ್ ತೆಗೆದುಕೊಳ್ಳಬೇಕು, ಇಲ್ಲವಾದರೆ ಇಡೀ ಊರಿಗೆ ಬಂದ್. ನಾನು ಲೈನ್ ಮನೆಗಳಿಗೆ ಹೋದೆ. ಅಲ್ಲಿ ಟಿ.ವಿ. ಬಂದಾಗಿತ್ತು, ಕೇಬಲ್ಲೂ ಇತ್ತು. ಆಟದ ಚಾನಲ್ ಬೇಕಾ ಎಂದು ಕೇಳಿದರೆ ಒಬ್ಬ ಹೆಂಗಸು ಅಕ್ಕಿ ಆರಿಸುತ್ತಾ ತಲೆ ಎತ್ತದೆ, "ಮರದ ಮೇಲಿಂದ ಬಿಟ್ಟಿ ಬರ್ತದಲ್ಲ" ಎಂದಳು. ಪಕ್ಕದ ಮನೆಯವಳು, "ಅದಕ್ಕೆ ಕರೆಂಟೂ ಬೇಡ" ಎಂದಳು. ಇಡೀ ಸಾಲು ನಕ್ಕಿತು. ಆ ನಗು ನನ್ನ ಮೈಗೆ ಹತ್ತಿತು.

ಇವರನ್ನು ಕರೆದು, "ಕೂಗೋದು ನಿಲ್ಸು, ನನ್ನ ಹೊಟ್ಟೆ ಮೇಲೆ ಹೊಡೀತಿದೀಯ" ಎಂದೆ.

ಅವರಿಗೆ ಅರ್ಥವೇ ಆಗಲಿಲ್ಲ. "ನಾನು ಎಂತ ಮಾರ್ತಾ ಇದೀನಿ? ನೀವು ಕೂ ಹಾಕ್ತೀರಿ, ನಾನೂ ಹಾಕ್ತೀನಿ. ನೀವು ಹಾಕ್ದೇ ಇದ್ರೆ ನಂಗೆಲ್ಲಿಂದ ಗೊತ್ತಾಗ್ತದೆ?"

ಹೌದಲ್ಲ, ನಾನೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಊರು ನನ್ನನ್ನೇ ಜಿಪುಣ ಎನ್ನುತ್ತಿತ್ತು. ಅವರ ಕೂ ನಂಬುವಂಥದ್ದಲ್ಲ ಎಂದಾದರೆ ಮಾತ್ರ ಜನ ತಾವಾಗಿ ನನ್ನ ಹತ್ತಿರ ಬರುತ್ತಾರೆ. ಇದು ಸಿಟ್ಟಿನಲ್ಲಿ ತಟ್ಟನೆ ಹೊಳೆದದ್ದಲ್ಲ. ಎರಡು ದಿನ ಲೆಕ್ಕ ಹಾಕಿ, ಅಂಗಡಿ ಗುಡಿಸುತ್ತಾ, ಊಟ ಮಾಡುತ್ತಾ ಯೋಚಿಸಿದ್ದು. ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದೆ.

ಜನವರಿ. ಹಣ್ಣು ಕೊಯ್ಲಿನ ಭರಾಟೆ, ಮನೆಯಲ್ಲಿ ಆಟದ ಚಾನಲ್ ಇದ್ದವರೂ ಗೌಡರೂ ಹಗಲೆಲ್ಲ ತೋಟದಲ್ಲೇ. ಹೊರದೇಶದಲ್ಲಿ ಒಂದು ಸರಣಿಯ ಕೊನೇ ಆಟ. ದೊಡ್ಡ ಗೌಡರು ಬೆಳಿಗ್ಗೆಯೇ ಆಳುಗಳಿಗೆ, ಗೆದ್ದರೆ ಅರ್ಧ ಗಂಟೆ ಮೊದಲು ಕೆಲಸ ಬಿಡಿಸುತ್ತೇನೆ, ಎಲ್ಲರಿಗೂ ಸಿಹಿ ಎಂದು ಮಾತು ಕೊಟ್ಟಿದ್ದರು. ಮಧ್ಯಾಹ್ನ ಕಳೆದು ನಾಲ್ಕು ಗಂಟೆಯ ಹೊತ್ತಿಗೆ ಆಟ ಕೊನೇ ಓವರಿಗೆ ಬಂತು. ಅವತ್ತು ಅಂಗಡಿಗೆ ಯಾರನ್ನೂ ಸೇರಿಸಿರಲಿಲ್ಲ, ರಿಪೇರಿ ಇದೆ ಎಂದು ಬಾಗಿಲು ಎಳೆದಿದ್ದೆ. ನಾನೂ ಹೆಂಡತಿಯೂ ಇಬ್ಬರೇ. ಕೊನೇ ಚೆಂಡಿಗೆ ನಮ್ಮವರ ವಿಕೆಟ್ ಬಿತ್ತು. ಸೋತೆವು.

ನಾನು ಅಂಗಳಕ್ಕೆ ಹೋದೆ. ಸಿಲ್ವರ್ ಮರದ ತುದಿಯಲ್ಲಿ ಅವರ ಬನಿಯನ್ ಬಿಳಿಯಾಗಿ ಕಾಣುತ್ತಿತ್ತು. ತಲೆ ಈ ಕಡೆಗೆ ವಾಲಿಸಿ ಕಾಯುತ್ತಿದ್ದರು. ನಾನು ಕೈಯನ್ನು ಬಾಯಿಗೆ ಅಡ್ಡ ಇಟ್ಟು ಉದ್ದಕ್ಕೆ ಮೂರು ಕೂ ಹಾಕಿದೆ.

ಆಮೇಲೆ ಮೇಲಿನಿಂದ ಬಂತು, ಅವರ ಜೀವಮಾನದಲ್ಲೇ ಅಷ್ಟು ಉದ್ದ ಹಾಕಿರಲಿಕ್ಕಿಲ್ಲ, ಮೂರು ಕೂ. ಆಚೆ ತೋಟದಿಂದ ಉತ್ತರ ಬಂತು, ಅದರಾಚೆಯದರಿಂದಲೂ ಬಂತು. ಹೆಂಗಸರು ಬುಟ್ಟಿ ಬಡಿಯುವ ಸದ್ದು. ಎಲ್ಲೋ ಪಟಾಕಿ.

ಒಳಗಿನಿಂದ ಹೆಂಡತಿ ಬಂದು ಹೊಸಿಲಲ್ಲಿ ನಿಂತಳು. "ಸೋತ್ರಲ್ಲ. ಎಂತಕ್ಕೆ ಗೆದ್ದ ಕೂ ಹಾಕಿದ್ರಿ?"

"ಸುಮ್ನಿರು" ಎಂದೆ.

ಸಂಜೆ ಕಳಸದ ಕಡೆಯಿಂದ ಬಂದ ಜೀಪಿನವರು ನಿಜ ಹೇಳಿದರು. ಅಷ್ಟು ಹೊತ್ತಿಗೆ ಗೌಡರು ಕೆಲಸ ಬಿಡಿಸಿ, ಸಿಹಿ ಹಂಚಿಸಿ ಆಗಿತ್ತು. ಮರುದಿನ ಬೆಳಿಗ್ಗೆ ಬಸ್‌ಸ್ಟಾಪಿನ ಹೋಟೆಲಿನಲ್ಲಿ ಇವರು ಚಹಾ ಕುಡಿಯಲು ಬಂದರು. ನಾನು ಅಲ್ಲಿಯೇ ಇದ್ದೆ.

"ಬಂದ್ರಪ್ಪ, ಕಪ್ಪು ಗೆಲ್ಸಿಕೊಟ್ಟವ್ರು" ಎಂದ ಒಬ್ಬ.

"ಮರದ ಮೇಲೆ ಬಾಟ್ಲಿ ಕಟ್ಟಿದ್ಯಾ ಮಾರಾಯ?" ಎಂದ ಇನ್ನೊಬ್ಬ.

"ಅವನಿಗೆ ಬೇರೆ ಆಟ ಕಾಣ್ತಿತ್ತು ಕಣಾ, ಅಷ್ಟು ಎತ್ತರದಿಂದ."

ಗೌಡರು ಒಳಗಿನ ಬೆಂಚಿನಲ್ಲಿದ್ದರು. ಅವರು ತಮಾಷೆ ಮಾಡಲಿಲ್ಲ. "ಮೂರು ತೋಟದ ಎದುರು ನನ್ನ ಮರ್ಯಾದೆ ತೆಗ್ದೆ. ನಿಂಗೆ ಯಾರು ಹೇಳಿದ್ದು ಗೆದ್ರು ಅಂತ?"

ಇವರು ನನ್ನ ಕಡೆ ನೋಡಿದರು. ಒಂದೇ ಸಲ. ಕೋಪ ಇರಲಿಲ್ಲ. ಮೇಲಿನಿಂದ ಆಂಟೆನಾ ತಿರುಗಿಸುತ್ತಾ, ಬಂತಾ ಎಂದು ನೋಡುತ್ತಿದ್ದರಲ್ಲ, ಅದೇ ನೋಟ. ನಾನು ಏನಾದರೂ ಹೇಳುತ್ತೇನೆಂದು ಕಾದರು. ನಾನು ಚಹಾದ ಲೋಟ ನೋಡಿದೆ.

"ಯಾರೂ ಹೇಳ್ಲಿಲ್ಲ ಗೌಡ್ರೆ" ಎಂದರು. "ನಂಗೇ ಸರಿಯಾಗಿ ಕೇಳ್ಲಿಲ್ಲ. ಈಚೀಚೆಗೆ ಕಿವಿ ಸ್ವಲ್ಪ ಹಿಂದೆ ಬಿದ್ದಿದೆ."

ಆ ಮಾತಿನ ಬೆಲೆ ಎಷ್ಟೆಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಕಿವಿ ಕೇಳದವ ಮರಗಸಿ ಮಾಡುವ ಹಾಗಿಲ್ಲ. ಕೆಳಗೆ ಜನ ಇದ್ದಾರೆ ಎಂದು ಕೂ ಹಾಕಿದ್ದು ಕೇಳದಿದ್ದರೆ ಕಡಿದ ಕೊಂಬೆ ಯಾರ ತಲೆ ಮೇಲಾದರೂ ಬಿದ್ದೀತು. ಗೌಡರು, "ಹಂಗಾದ್ರೆ ನಾಳೆಯಿಂದ ಮರ ಬೇಡ. ನರ್ಸರೀಲಿ ಮಣ್ಣು ತುಂಬಿಸು" ಎಂದರು.

"ಆಯ್ತು" ಎಂದರು ಇವರು. ಕತ್ತಿಯನ್ನು ಸೊಂಟದಿಂದ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಚಹಾ ಮುಗಿಸಿದರು.

ಆ ತಿಂಗಳು ಲೈನ್ ಮನೆಯವರು ಆಟದ ಚಾನಲ್ ಹಾಕಿಸಿಕೊಂಡರು. ನಾನು ಅಂದುಕೊಂಡ ಹಾಗೇ ಆಯಿತು.

ಆಮೇಲೆ ಅವರು ಕಿವುಡರಾಗಿಯೇ ಬದುಕಬೇಕಾಯಿತು. ಒಮ್ಮೆ ಹೇಳಿದ ಸುಳ್ಳನ್ನು ದಿನಾ ನಡೆಸಬೇಕಲ್ಲ. ಯಾರಾದರೂ ಮಾತಾಡಿಸಿದರೆ ಕಿವಿಗೆ ಅಂಗೈ ಹಿಡಿಯುತ್ತಿದ್ದರು. ಜನ ಮೊದಮೊದಲು ಕಿರುಚಿ ಮಾತಾಡಿದರು. ಕಿರುಚಿ ಎಷ್ಟು ದಿನ ಮಾತಾಡುತ್ತಾರೆ? ಕೈಸನ್ನೆಗೆ ಇಳಿದರು, ಆಮೇಲೆ ಅದೂ ಇಲ್ಲ. ನರ್ಸರಿಯಲ್ಲಿ ಸಣ್ಣ ಸಣ್ಣ ಚೀಲಗಳಿಗೆ ಮಣ್ಣು ತುಂಬುತ್ತಾ, ಸುತ್ತ ಹೆಂಗಸರು ಅವರ ಬಗ್ಗೆಯೇ ಆಡುವ ಮಾತನ್ನು ಕೇಳದವರ ಹಾಗೆ ಕೇಳುತ್ತಾ ಕೂತಿರುತ್ತಿದ್ದರು.

ನನ್ನ ಅಂಗಡಿಗೆ ಬರುವುದನ್ನು ಬಿಡಲಿಲ್ಲ. ಅದೇ ಬಾಗಿಲು, ಅದೇ ಕುಕ್ಕರುಗಾಲು. ನಾನು ಅವರೆದುರು ಟಿ.ವಿ. ಸದ್ದು ಜಾಸ್ತಿ ಮಾಡಿ, ನಂಬಿದವನ ಹಾಗೆ ನಟಿಸುತ್ತಿದ್ದೆ. ನಾಲ್ಕೈದು ವರ್ಷ ಕಳೆದಿರಬಹುದು. ಒಂದು ದಿನ ಒಳಗಿನಿಂದ ಹೆಂಡತಿ, ಅವಳ ಸ್ವರವೇ ಸಣ್ಣದು, "ಅವ್ರಿಗೆ ಕಾಫಿ ಕೊಡ್ಲಾ ಕೇಳಿ" ಎಂದಳು. ನಾನು ಬಾಯಿ ತೆಗೆಯುವ ಮೊದಲೇ ಅವರು, "ಬೇಡಮ್ಮ, ಈಗ ಕುಡ್ದು ಬಂದೆ" ಎಂದರು.

ಅವರು ಕೈಯನ್ನು ನಿಧಾನಕ್ಕೆ ಎತ್ತಿ ಕಿವಿಯ ಹಿಂದೆ ಇಟ್ಟುಕೊಂಡರು. ಆಗ ಹೇಳಬಹುದಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಸ್ಕ್ರೂಡ್ರೈವರ್ ಹುಡುಕತೊಡಗಿದೆ, ಅದು ನನ್ನ ಕೈಯಲ್ಲೇ ಇತ್ತು.

ಅವರು ಹೋದ ಮೇಲೆ ಹೆಂಡತಿ, "ಹೋಗಿ ಹೇಳಿ ಬನ್ನಿ" ಎಂದಳು. ಆಮೇಲೂ ಎಷ್ಟೋ ಸಲ ಎಂದಳು. ಅವಳು ಹಾಸಿಗೆ ಹಿಡಿದಾಗ ಇನ್ನೊಮ್ಮೆ ಎಂದಳು. ನಾಳೆ ಎಂದೆ.

ಮನೆ ಮನೆಯ ಮಾಡಿನ ಮೇಲೆ ಪುಟ್ಟ ಡಿಶ್ ತಟ್ಟೆಗಳು ಬಂದು ನನ್ನ ಕೇಬಲ್ ಮುಚ್ಚಿತು. ಯಾರಿಗೆ ಏನು ಬೇಕೋ ಅವರವರೇ ದುಡ್ಡು ಕಟ್ಟಿ ಅವರವರೇ ನೋಡುತ್ತಾರೆ. ಈಗ ಫೋನಿನಲ್ಲಿ. ನಮ್ಮವರು ಗೆದ್ದ ದಿನವೂ ರಸ್ತೆಯಲ್ಲಿ ಸದ್ದಿಲ್ಲ. ಬಸ್ಸಿಗೆ ಕಾಯುವ ನಾಲ್ಕು ಜನ ನಾಲ್ಕು ಕಡೆ ತಲೆ ತಗ್ಗಿಸಿ ನಿಂತಿರುತ್ತಾರೆ, ಒಬ್ಬನ ಮುಖ ಅರಳಿದರೆ ಪಕ್ಕದವನಿಗೆ ಗೊತ್ತಾಗುವುದಿಲ್ಲ. ನಾನು ಬಾಗಿಲಲ್ಲಿ ಕೂತು ಅವರ ಮುಖ ನೋಡಿ ಸ್ಕೋರು ಊಹಿಸುತ್ತೇನೆ.

ಕಳೆದ ತಿಂಗಳು ಅವರು ಹೋದ ಸುದ್ದಿ ಬಂತು. ಲೈನ್ ಮನೆಯ ಅಂಗಳಕ್ಕೆ ಹೋದೆ. ಬಿಳಿ ಬಟ್ಟೆಯ ಹೊರಗೆ ಆ ಹೆಬ್ಬೆರಳು ಕಾಣುತ್ತಿತ್ತು. ಗೌಡರ ಮಗ ನನ್ನ ಪಕ್ಕ ನಿಂತು, "ಪಾಪ, ಕಿವಿ ಕೇಳ್ದೆ ಎಷ್ಟು ವರ್ಷ ತಳ್ಳಿದ್ರು ಅಲ್ವಾ" ಎಂದರು. ನಾನು "ಹೌದು" ಎಂದೆ. ಕೊನೆಯ ಸಲವೂ ಸುಳ್ಳನ್ನೇ ಹೇಳಿ ಬಂದೆ.

ಆ ಸಿಲ್ವರ್ ಮರ ಈಗಲೂ ಇದೆ. ತುದಿಯಲ್ಲಿ ತುಕ್ಕು ಹಿಡಿದ ಆಂಟೆನಾದ ಒಂದು ಕಡ್ಡಿ ಉಳಿದಿದೆ. ನಾಲ್ಕು ಗಂಟೆಯ ಬಿಸಿಲಿಗೆ ಅಂಗಳದಲ್ಲಿ ನಿಂತು ಅದನ್ನು ನೋಡುತ್ತೇನೆ. ಹಾಕಬೇಕಾಗಿದ್ದ ಮೂರು ಸಣ್ಣ ಕೂ ಗಂಟಲಲ್ಲಿ ಹಾಗೆಯೇ ಇವೆ. ಈಗ ಹಾಕಿದರೆ ಮೇಲಿನಿಂದ ಕಣಿವೆಗೆ ದಾಟಿಸುವವರಿಲ್ಲ. ಇಷ್ಟು ವರ್ಷ ನನ್ನ ಪಾಲಿಗೆ ಅವರು ಆ ಮರದ ಮೇಲೆಯೇ ಇದ್ದರು, ನನ್ನ ಮಾತು ನಂಬಿಕೊಂಡು. ಈಗ ಇಳಿದಿದ್ದಾರೆ. ಹೆಸರು ಹಿಡಿದು ಕರೆದರೆ ತಪ್ಪಾಗಲಾರದು.

ಹೂವಪ್ಪಣ್ಣ, ಅವತ್ತು ನಾವು ಸೋತಿದ್ವಿ.